ಕೈ ನೋಡಿದವಳು, ಚಾರ್ಟ್ ನೋಡಿದವಳು

ಮೂವತ್ತೈದು ವರ್ಷ ನರ್ಸ್ ಆಗಿ ಕೆಲಸ ಮಾಡಿದೆ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳ ನಡುವೆಯೇ ನನ್ನ ವರ್ಗಾವಣೆಗಳೆಲ್ಲ ಮುಗಿದವು. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಓದಿದರೆ ನಿದ್ದೆ ಬರುತ್ತದೆ. ಈಗ ನರ್ಸಿಂಗ್ ಮುಗಿಸಿದ ಹುಡುಗಿಯರು ವೃದ್ಧಾಶ್ರಮಗಳಲ್ಲಿ, ಆರೈಕೆ ಕೇಂದ್ರಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ ಒಂದು ತಪ್ಪನ್ನೂ, ಆ ತಪ್ಪನ್ನು ಹಿಡಿದವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನೂ ಬರೆಯುತ್ತೇನೆ. ಎರಡನ್ನೂ ಬೇರೆ ಮಾಡಿ ಬರೆಯಲು ನೋಡಿದೆ, ಆಗಲಿಲ್ಲ.

ನಾನು ಕಲಿತದ್ದು ಮಿಶನ್ ದವಾಖಾನೆಯ ಶಾಲೆಯಲ್ಲಿ. ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸುತ್ತಿದ್ದರು. ಐದೂವರೆಗೆ ಹಾಸಿಗೆ ತಪಾಸಣೆ. ನಮ್ಮ ಟ್ಯೂಟರನ್ನು ನಾವೆಲ್ಲ ಗೌರವದಿಂದ ‘ಬಾಯಿ’ ಎನ್ನುತ್ತಿದ್ದೆವು. ಅವರು ಚಾದರದ ಮೂಲೆ ಹಿಡಿದು ಎಳೆಯುತ್ತಿದ್ದರು. ಸಡಿಲಿದ್ದರೆ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕಿ, ಮತ್ತೆ ಹಾಸು ಎನ್ನುತ್ತಿದ್ದರು. ಒಮ್ಮೆ ನಾನು ರೋಗಿಗೆ ಗುಳಿಗೆ ಕೊಟ್ಟು ಚಾರ್ಟಿನಲ್ಲಿ ಬರೆಯುವುದನ್ನು ಮರೆತೆ.

“ಕೊಟ್ಟಿಯೇನ?” ಎಂದರು.

“ಕೊಟ್ಟೇನ್ರಿ ಬಾಯಿ.”

ಅವರು ಖಾಲಿ ಖಾನೆಯ ಮೇಲೆ ಬೆರಳಿಟ್ಟರು. “ಇಲ್ಲಿ ಇಲ್ಲ ಅಂದ್ರ ಅಕೀ ಹೊಟ್ಯಾಗೂ ಇಲ್ಲ.”

ಆ ಮಾತು ನನ್ನ ಎಲುಬಿನೊಳಗೆ ಇಳಿಯಿತು. ಅಂದಿನಿಂದ ಖಾಲಿ ಖಾನೆ ಕಂಡರೆ ನನಗೆ ಊಟ ರುಚಿಸುತ್ತಿರಲಿಲ್ಲ. ನನ್ನ ಕೈಕೆಳಗಿನವರೆಲ್ಲ ಇದನ್ನು ಬಲ್ಲವರೇ. ಡ್ಯೂಟಿಗೆ ಐದು ನಿಮಿಷ ತಡವಾದರೆ ಅವರು ಗೇಟಿನಿಂದ ಓಡಿ ಬರುತ್ತಿದ್ದರು.

ಓಡದೆ ಬರುತ್ತಿದ್ದವಳು ಒಬ್ಬಳೇ, ಜೈಬುನ್.

ಜೈಬುನ್ ನನಗಿಂತ ಹದಿನಾಲ್ಕು ವರ್ಷ ಸಣ್ಣವಳು. ಅವಳ ತಾಯಿ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಶಿರೋಳ, ಜಕ್ಕಲಿ ಎಂದು ಊರೂರು ತಿರುಗಿ ಬಳೆ ಇಡಿಸುತ್ತಿದ್ದಾಕೆ. ಮಗಳು ಆ ಮಲಾರದ ಹಿಂದೆ ನಡೆಯುತ್ತಲೇ ಬೆಳೆದು, ನರ್ಸಿಂಗ್ ಓದಿ, ನಾನಿದ್ದ ದವಾಖಾನೆಗೆ ಬಂದಳು. ಅವಳ ಚಾರ್ಟು ಅರ್ಧ ಪುಟ ತುಂಬಿರುತ್ತಿತ್ತು, ಅದೂ ಸಂಜೆಗೆ. ರೋಗಿಯ ಮಂಚದ ಮೇಲೆಯೇ ಕೂರುತ್ತಿದ್ದಳು, ಮುದುಕಿಯರ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಯಾರ ಎಮ್ಮೆ ಈದಿದೆ, ಯಾರ ಸೊಸೆ ಮಾತು ಬಿಟ್ಟಿದ್ದಾಳೆ, ಎಲ್ಲ ಗೊತ್ತಿತ್ತು ಅವಳಿಗೆ. ನಾನು ಬೈದರೆ “ಹೌದ್ರಿ ಅಕ್ಕಾರ” ಎಂದು ಎದ್ದು ನಿಲ್ಲುತ್ತಿದ್ದಳು. ನಾನು ಬೆನ್ನು ತಿರುಗಿಸಿದ ಕೂಡಲೇ ಮಂಚ ಕಿರ್ ಎನ್ನುತ್ತಿತ್ತು.

ಯಾವಗಲ್‌ನಿಂದ ಹೆರಿಗೆಗೆ ಬಂದ ಒಬ್ಬ ಹುಡುಗಿಯ ಜೊತೆ ಹನ್ನೊಂದು ತಾಸು ನಿಂತೇ ಇದ್ದೆ. ಕೂಸು ಅಡ್ಡ ಇತ್ತು. ಕಷ್ಟಪಟ್ಟು ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಉಳಿದರು. ಮನೆಗೆ ಹೋಗುವ ದಿನ ಅವಳ ಅತ್ತೆ ಕೊಬ್ಬರಿ, ಉತ್ತತ್ತಿ ಎಲ್ಲ ತಂದು ಜೈಬುನ್‌ಳ ಉಡಿಗೆ ಹಾಕಿದಳು. ಜೈಬುನ್ ಕೊನೆಯ ಒಂದು ತಾಸು ಹುಡುಗಿಯ ಕೈ ಹಿಡಿದು ಕೂತಿದ್ದಳು, ಅಷ್ಟೇ. ನಾನು ಬಾಗಿಲಲ್ಲೇ ಇದ್ದೆ. ಅತ್ತೆ ನನ್ನನ್ನು ನೋಡಿ, “ಅಕ್ಕಾರ, ನೀವೂ ಇದ್ರೇನ್ರಿ? ಗದ್ದಲದಾಗ ನಾ ನೋಡ್ಲೇ ಇಲ್ಲ” ಎಂದಳು.

ಮರುದಿನ ನಾನು ಡ್ಯೂಟಿ ಪಟ್ಟಿ ಬದಲಿಸಿ ಜೈಬುನ್‌ಳನ್ನು ಒಂದು ತಿಂಗಳು ಇಂಜೆಕ್ಷನ್ ಕೋಣೆಗೆ ಹಾಕಿದೆ. ಅಲ್ಲಿ ಯಾರೂ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ, ಯಾರನ್ನು ಮಾತಾಡಿಸುತ್ತಾಳೋ ನೋಡೋಣ ಎಂದುಕೊಂಡೆ. ವಾರದೊಳಗೆ ಆ ಕೋಣೆಯ ಮುಂದಿನ ಸಾಲು ಗೇಟಿಗೆ ಮುಟ್ಟಿತು. ಇಂಜೆಕ್ಷನ್ ಬೇಡದವರೂ ನಿಂತಿದ್ದರು.

ಸೂಜಿ ಕುದಿಸುವ ಪಾತ್ರೆಗಳು ಹೋದವು, ಗಾಜಿನ ಸಿರಿಂಜು ಹೋಯಿತು, ಮೊಬೈಲು ಬಂತು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಮ್ಮ ಕಡೆಗೂ ಆರೈಕೆ ಕೇಂದ್ರಗಳು ಬಂದವು. ಲಕ್ವಾ ಹೊಡೆದವರನ್ನು, ಹಾಸಿಗೆ ಹಿಡಿದವರನ್ನು ತಿಂಗಳ ಶುಲ್ಕ ಪಡೆದು ನೋಡಿಕೊಳ್ಳುವ ಜಾಗಗಳು ಇವು. ಅಂಥದ್ದೊಂದಕ್ಕೆ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಬೇಡ, ಈಗ ಅದು ಮುಚ್ಚಿದೆ. ಮೊದಲ ಸಲ ಹೋದಾಗ ಅಲ್ಲಿ ಬರವಣಿಗೆಯೇ ಇರಲಿಲ್ಲ. ನಾನೇ ಕೂತು ಗೆರೆ ಎಳೆದು ಚಾರ್ಟು ಮಾಡಿಕೊಟ್ಟೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದ್ದಕ್ಕೆ ಒಂದು ಗುರುತು, ಊಟಕ್ಕೆ ಒಂದು, ನೀರಿಗೆ ಒಂದು, ತಿಂಗಳಿಗೊಮ್ಮೆ ತೂಕ. ಮುಂದಿನ ಸಲ ಹೋದರೆ ಎಲ್ಲ ಖಾನೆ ತುಂಬಿದ್ದವು. ಚಾದರದ ಮೂಲೆ ಎಳೆದು ನೋಡಿದೆ, ನಮ್ಮ ಟ್ಯೂಟರ್ ಬಾಯಿಯೂ ಒಪ್ಪುವ ಹಾಗೆ ಬಿಗಿಯಾಗಿತ್ತು. ಮೀಟಿಂಗಿನಲ್ಲಿ ಬೇರೆಯವರಿಗೆ ಅದನ್ನು ಮಾದರಿಯೆಂದು ತೋರಿಸಿದೆ.

ಅಲ್ಲಿದ್ದವರಲ್ಲಿ ಕಸ್ತೂರಕ್ಕ ಒಬ್ಬರು. ಜಕ್ಕಲಿಯಲ್ಲಿ ಹೊಲಿಗೆ ಟೀಚರ್ ಆಗಿದ್ದವರು, ಮದುವೆಯಾಗಿರಲಿಲ್ಲ. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು, ಮಾತು ಹೋಗಿತ್ತು. ತಮ್ಮನ ಮಗಳು ಸುಮಂಗಲಾಗೆ ಗಜೇಂದ್ರಗಡದಲ್ಲಿ ಟೇಲರ್ ಅಂಗಡಿ. ಮನೆ ಅಂಗಡಿಯ ಮೇಲೆ, ಹತ್ತಲು ಕಬ್ಬಿಣದ ಸುತ್ತು ಮೆಟ್ಟಿಲು. ಅತ್ತೆಯನ್ನು ಅಲ್ಲಿ ಹತ್ತಿಸಲಾಗದೆ ಇಲ್ಲಿ ಸೇರಿಸಿದ್ದಳು. ಸತತ ಮೂರು ತಪಾಸಣೆಯಲ್ಲಿ ಕಸ್ತೂರಕ್ಕನ ಚಾರ್ಟಿನ ಕೆಳಗೆ “ಸಮಾಧಾನಕರ” ಎಂದು ಬರೆದು ಸಹಿ ಮಾಡಿದೆ.

ಅದರ ಮುಂದಿನ ತಪಾಸಣೆಯ ದಿನ ನಾನು ತಂಗಿಯ ಮಗಳ ಸೀಮಂತಕ್ಕೆ ಹೋಗಿದ್ದೆ. ಜೈಬುನ್‌ಳನ್ನು ಕಳಿಸಿದರು. ನಾಗರ ಪಂಚಮಿ ಹತ್ತಿರ ಇತ್ತು. ಅವಳು ತನ್ನ ರೂಢಿಯಂತೆ ಅಲ್ಲಿನ ಹೆಂಗಸರಿಗೆ ಇಡಿಸಲು ಒಂದು ಚೀಲ ಬಳೆ ಒಯ್ದಳು. ಸರ್ಕಾರಿ ತಪಾಸಣೆಗೆ ಬಳೆ! ನನಗೆ ಗೊತ್ತಿದ್ದರೆ ಬಿಡುತ್ತಿರಲಿಲ್ಲ.

ನಾನು ಊರಿನಿಂದ ಮರಳಿದ ದಿನ ಬೆಳಿಗ್ಗೆ ಅವಳು ನನ್ನ ಟೇಬಲ್ಲಿನ ಮುಂದೆ ನಿಂತಿದ್ದಳು.

“ಅಕ್ಕಾರ, ಆ ಟೀಚರಮ್ಮನ ಕೈ ನೋಡೀರಿ?”

“ಚಾರ್ಟ್ ನೋಡೇನಿ. ಎಲ್ಲ ಸರಿ ಐತಿ.”

“ಚಾರ್ಟ್ ಅಲ್ರಿ, ಕೈ. ನಮ್ಮವ್ವ ವರ್ಷಾ ಪಂಚಮಿಗೆ ಅವರಿಗೆ ಬಳಿ ಇಡಸ್ತಿದ್ಲು. ಕತ್ತರಿ ಹಿಡದು ಹಿಡದು ದಪ್ಪ ಕೈ ಅವರ್ದು, ಎರಡೂ ಕೈಗೆ ಎರಡೂವರೆ ಅಳತಿ. ಸಾಬಾಣ ಹಚ್ಚಿ, ಹಿಚುಕಿ ಏರಸ್ಬೇಕಾಗಿತ್ತು. ನಿನ್ನೆ ಅದ ಎರಡೂವರೆ ಹಾಕಿದೆ, ಗಾಳ್ಯಾಗ ಹೋದಂಗ ಮೊಣಕೈ ತನಕ ಹೋತು. ಎರಡೂಕಾಲೂ ಸಡ್ಲ ಆತು.”

“ಲಕ್ವಾ ಹೊಡದ ಕೈ ಸೊರಗೂದ. ಇಷ್ಟೂ ಗೊತ್ತಿಲ್ಲೇನ ನಿನಗ?”

“ಗೊತ್ತೈತ್ರಿ. ನಾ ಇಡಿಸಿದ್ದು ಎಡಗೈಗೆ. ಅದು ಚಲೋ ಇರೋ ಕೈ. ಅದ್ಯಾಕ ಸೊರಗಬೇಕ್ರಿ?”

ಅವಳು ಹೇಳಿದ್ದು ಸರಿ ಇರಬಹುದು ಎಂದೇ ಸಿಟ್ಟು ಬಂತು. “ಬಳಿ ಅಳತಿ ಮ್ಯಾಲೆ ಕಂಪ್ಲೇಂಟ್ ಬರೀಲೇನ? ಮಂದಿ ನಗತಾರ,” ಎಂದೆ. ಆದರೂ ಜೀಪು ಕೇಳಿ, ದವಾಖಾನೆಯ ತೂಕದ ಯಂತ್ರ ಹಾಕಿಸಿಕೊಂಡು ಹೊರಟೆ. ಜೈಬುನ್‌ಳನ್ನೂ ಕರೆದುಕೊಂಡೆ. ನನ್ನ ಮನಸ್ಸಿನಲ್ಲಿದ್ದದ್ದು ಕಸ್ತೂರಕ್ಕನ ಚಿಂತೆಯಲ್ಲ. ಇವಳ ಮಾತು ಇವಳ ಎದುರೇ ಸುಳ್ಳಾಗಲಿ ಎಂದಿತ್ತು.

ಅಂದು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಚಾರ್ಟು ತೆಗೆದೆ. ಕಳೆದ ಮೂರೂ ತಿಂಗಳು ತೂಕ ಐವತ್ನಾಲ್ಕು ಕಿಲೋ. ಅಲ್ಲಿದ್ದದ್ದು ನಿಂತು ತೂಗುವ ಯಂತ್ರ. ಒಂದು ಕಾಲು ಬಿದ್ದು, ನಿಲ್ಲಲಾರದ ಹೆಂಗಸನ್ನು ಅದರ ಮೇಲೆ ಯಾರು ನಿಲ್ಲಿಸಿದ್ದರು? ಈ ಪ್ರಶ್ನೆ ಮೂರು ಸಲ ಸಹಿ ಮಾಡುವಾಗ ನನಗೆ ಹೊಳೆದಿರಲಿಲ್ಲ. ಜೈಬುನ್ ಮೊದಲು ತಾನೊಬ್ಬಳೇ ನಮ್ಮ ಯಂತ್ರದ ಮೇಲೆ ನಿಂತಳು. ಅರವತ್ತೊಂದು. “ಅಕ್ಕಾರ, ಜೀಪಿನ ಡ್ರೈವರಗ ಹೇಳಬ್ಯಾಡ್ರಿ” ಎಂದಳು. ಆಮೇಲೆ ಕಸ್ತೂರಕ್ಕನನ್ನು ತೋಳಿನಲ್ಲಿ ಎತ್ತಿಕೊಂಡು ನಿಂತಳು. ತೊಂಬತ್ತೇಳು. ಕಳೆದರೆ ಮೂವತ್ತಾರು. ಎತ್ತುವಾಗ ಅವಳಿಗೆ ಏದುಸಿರೂ ಬರಲಿಲ್ಲ.

ಹೊರಳಿಸಿದೆವು. ಬಿಗಿಯಾದ ಚಾದರ, ಕೆಳಗೆ ಪೌಡರಿನ ವಾಸನೆ. ಸೊಂಟದ ಹಿಂದೆ ಅಂಗೈ ಅಗಲದ ಹಾಸಿಗೆ ಹುಣ್ಣು, ಅದರ ಮೇಲೆ ಪೌಡರು ಗಟ್ಟಿಯಾಗಿ ಕೂತಿತ್ತು. ನೀರಿನ ಲೋಟ ತೊಳೆದು, ತುಂಬಿ, ಮುಚ್ಚಿಟ್ಟಿದ್ದರು. ನಾನು ಪ್ರತಿ ಸಲ “ನೀರು ಇದೆ” ಎಂದು ಗುರುತು ಹಾಕಿದ ಲೋಟ ಅದೇ. ಅದು ಇದ್ದದ್ದು ಅವರ ಬಲಗಡೆ, ಕೈ ಬಿದ್ದ ಕಡೆ. ಕಸ್ತೂರಕ್ಕ ದಿನವಿಡೀ ಅದನ್ನು ನೋಡುತ್ತ ಮಲಗಿದ್ದಿರಬೇಕು. ಜೈಬುನ್ ಲೋಟ ತುಟಿಗೆ ಹಿಡಿದಳು. ಅವರು ಕುಡಿದ ಸದ್ದು ಈಗಲೂ ಕಿವಿಯಲ್ಲಿದೆ.

ಮಗ್ಗಲು ಬದಲಿಸಿದ ಹಾಳೆ ನೋಡಿದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ. ಹಾಳೆಯಲ್ಲಿ ಹನ್ನೆರಡರ ಖಾನೆಗೂ ಗುರುತು ಬಿದ್ದಿತ್ತು, ಎರಡರದ್ದಕ್ಕೂ, ನಾಲ್ಕರದ್ದಕ್ಕೂ. ಇದೊಂದನ್ನು ಕಂಡುಹಿಡಿದವಳು ನಾನು. ಗಡಿಯಾರ, ಹಾಳೆ ಎರಡೂ ಬರುವಂತೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಜೈಬುನ್ ಹುಣ್ಣನ್ನು ತೊಳೆಯಲು ಕೈ ಹಾಕಿದಾಗ ತಡೆದು, “ತಡಿ, ಮೊದಲ ಫೋಟೋ, ಆಮ್ಯಾಲೆ ಡಾಕ್ಟರ್ ನೋಡಿ ಬರದ ಕೊಡೂ ಕಾಗದ, ಆಮ್ಯಾಲೆ ತೊಳಿ” ಎಂದವಳೂ ನಾನೇ. ಹುಡುಗಿಯರೇ, ಇದನ್ನು ನೆನಪಿಡಿ. ಕರುಣೆಯಿಂದ ಮೊದಲು ತೊಳೆದುಬಿಟ್ಟರೆ ಸಾಕ್ಷಿಯೂ ತೊಳೆದುಹೋಗುತ್ತದೆ.

ಅಂದೇ ಕಸ್ತೂರಕ್ಕನನ್ನು ನಮ್ಮ ವಾರ್ಡಿಗೆ ತಂದೆವು. ಡಾಕ್ಟರ್ ಹುಣ್ಣು ನೋಡಿ ಕಾಗದ ಬರೆದುಕೊಟ್ಟ ಮೇಲೆ ಜೈಬುನ್ ಅದನ್ನು ತೊಳೆದಳು. ಸುಮಂಗಲಾ ಓಡಿ ಬಂದಳು. “ಪ್ರತಿ ರವಿವಾರ ಹೋಗ್ತಿದ್ದೆ ಅಕ್ಕಾರ. ಒಳಗ ಬಿಡ್ತಿದ್ದಿಲ್ಲ. ಜಳಕಾ ಮಾಡಸಾಕತ್ತೀವಿ, ಮಲಗ್ಯಾರ, ಇನ್ಫೆಕ್ಷನ್ ಆಗತೈತಿ ಅಂತಿದ್ರು. ಕುರ್ಚಿ ಮ್ಯಾಲೆ ಕುಂಡ್ರಿಸಿ, ಶಾಲು ಹೊಚ್ಚಿ, ಬಾಗಲಾಗ ಐದು ಮಿನಿಟ ತೋರಸ್ತಿದ್ರು,” ಎಂದು ಅತ್ತಳು. ಮನೆಯವರನ್ನು ಮಂಚದ ತನಕ ಬಿಡದ ಜಾಗ ಕಂಡರೆ ಅಲ್ಲೇ ಸಂಶಯ ಪಡಬೇಕು. ಇದೂ ನನಗೆ ಆಗ ಗೊತ್ತಿರಲಿಲ್ಲ.

ಹೆಂಗಸರಿಗೆ ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಆ ಮೂಲಕ ಬಂದ ವಕೀಲರು ಪೊಲೀಸರಿಗೆ ಒಂದು ದೂರು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಂದು ದೂರು ಬರೆಸಿದರು. ಶುಲ್ಕ ಪಡೆದು ಮಾಡಬೇಕಾದ ಸೇವೆ ಮಾಡಿಲ್ಲವೆಂದರೆ ಎರಡು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು. ಮಾತು ಹೋದ ಕಸ್ತೂರಕ್ಕ ಎಡಗೈ ಹೆಬ್ಬೆಟ್ಟು ಒತ್ತಿದರು. ಕೊಟ್ಟ ಪ್ರತಿಯೊಂದು ಕಾಗದದ ಮೇಲೂ ಸ್ವೀಕೃತಿಯ ಶಿಕ್ಕೆ ಹಾಕಿಸಿಕೊಂಡೆವು.

ಆರೈಕೆ ಕೇಂದ್ರದವರು ಉತ್ತರ ಕೊಟ್ಟರು. ಉತ್ತರದ ಜೊತೆ ಲಗತ್ತಿಸಿದ್ದು ನನ್ನ ಮೂರು ಸಹಿಗಳನ್ನು. ಸರ್ಕಾರಿ ದವಾಖಾನೆಯ ಹಿರಿಯ ನರ್ಸ್ ಮೂರು ಸಲ ಪರೀಕ್ಷಿಸಿ ಸಮಾಧಾನಕರ ಎಂದಿದ್ದಾರೆ, ದೂರು ಹೇಳುವ ನರ್ಸ್ ಬಂದದ್ದು ಒಂದೇ ಸಲ, ಅದೂ ಬಳೆ ಮಾರಲು ಎಂದು ಬರೆದಿದ್ದರು.

ವಕೀಲರು ನನ್ನೆದುರು ಕೂತು ಹೇಳಿದರು: “ಸಿಸ್ಟರ್, ಈ ಮೂರು ಕಾಗದ ಇರೂತನಕ ನಮ್ಮ ಕೇಸ್ ನಿಲ್ಲೂದಿಲ್ಲ. ನೋಡದ ಸಹಿ ಮಾಡೇನಿ ಅಂತ ನೀವ ಬರದ ಕೊಡಬೇಕು. ಇಲ್ಲಾಂದ್ರ ಟೀಚರಮ್ಮ ಸೋಲತಾರ.”

ನಿವೃತ್ತಿಗೆ ಐದು ತಿಂಗಳಿತ್ತು. ಸರ್ವಿಸ್ ಪುಸ್ತಕದಲ್ಲಿ ಒಂದೂ ಕಪ್ಪು ಚುಕ್ಕೆಯಿಲ್ಲ ಎಂಬುದು ನನ್ನ ಹೆಮ್ಮೆ. ವಿಚಾರಣೆಯ ಹೆದರಿಕೆ ಇತ್ತು, ನಿಜ. ಆದರೆ ಹದಿನೈದು ದಿನ ನಾನು ವಕೀಲರು ಬರೆದುಕೊಟ್ಟ ಅಫಿಡವಿಟ್ಟಿಗೆ ಸಹಿ ಮಾಡದೆ ಇಟ್ಟುಕೊಂಡದ್ದಕ್ಕೆ ದೊಡ್ಡ ಕಾರಣ ಬೇರೆ. ಊರ ಪತ್ರಿಕೆಯಲ್ಲಿ ಜೈಬುನ್‌ಳ ಫೋಟೋ ಬಂದಿತ್ತು. ಕಂಪೌಂಡರನಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳೇ. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು, “ಜೈಬುನ್ ಸಿಸ್ಟರ್ ದವಾಖಾನ್ಯಾಗ ಇರೋರಲ್ರಿ ನೀವು?” ಎಂದು ಕೇಳಿದ. ಹದಿನೈದು ವರ್ಷ ಅವಳ ಚಾರ್ಟು ತಿದ್ದಿದವಳು ನಾನು. ಈಗ ಅವಳು ಸರಿ, ನಾನು ತಪ್ಪು ಎಂದು ನನ್ನ ಕೈಯಿಂದಲೇ ಬರೆದು ಕೊಡಬೇಕಿತ್ತು.

ವಾರ್ಡಿನಲ್ಲೂ ಅದೇ. ತಾಸಿಗೆ ಸರಿಯಾಗಿ ನಾನು ಗಂಜಿ ಒಯ್ದರೆ ಕಸ್ತೂರಕ್ಕ ಬಾಯಿ ಬಿಗಿ ಹಿಡಿಯುತ್ತಿದ್ದರು. ಜೈಬುನ್ ಬಂದು, “ಟೀಚರ, ಇದ ನೋಡ್ರಿ ನನ್ನ ಜಂಪರಿನ ತೋಳ, ಹ್ಯಾಂಗ ಹೊಲದಾನ ನೋಡ್ರಿ ದರ್ಜಿ!” ಎಂದು ತೋಳು ತೋರಿಸಿದರೆ ಅವರು ಎಡಗೈ ಬೆರಳಿನಿಂದ ಹೊಲಿಗೆ ಮುಟ್ಟಿ ನೋಡಿ, ತಲೆಯಾಡಿಸಿ, ನಗುತ್ತಿದ್ದರು. ನಗುವ ಬಾಯಿಗೆ ಇವಳು ಚಮಚ ಇಡುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ತೂಕ ವಾರಕ್ಕೆ ಅರ್ಧ ಕಿಲೋ ಏರಿತು. ಅದನ್ನು ಚಾರ್ಟಿನಲ್ಲಿ ಬರೆಯುವ ಕೆಲಸ ನನ್ನದು.

ಒಂದು ಸಂಜೆ ಆರೈಕೆ ಕೇಂದ್ರದ ಮ್ಯಾನೇಜರ್ ನನ್ನ ಮನೆಗೆ ಬಂದ. ಮೃದು ಮಾತಿನ ಮನುಷ್ಯ. ಚಹಾ ಕೊಟ್ಟೆ.

“ಸಿಸ್ಟರ್, ನಿಮ್ಮ ಶಿಸ್ತು ಇಡೀ ತಾಲೂಕಿಗೆ ಗೊತ್ತೈತಿ. ನಿಮ್ಮ ಸಹಿ ಮುಂದ ಆ ಬಳಿ ಮಾರೋರ ಹುಡುಗಿ ಮಾತು ಯಾರ ಕೇಳ್ತಾರ್ರಿ? ನೀವು ಸುಮ್ಮನ ಇದ್ರ ಸಾಕು.”

ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ಹಿತವಾಯಿತು. ಚಹಾದ ಬಸಿ ಕೆಳಗಿಡುವಷ್ಟು ಹೊತ್ತು, ಜೈಬುನ್ ತಲೆ ತಗ್ಗಿಸಿ ಆಯೋಗದ ಬಾಗಿಲಿನಿಂದ ಹೊರಗೆ ಬರುವುದು ನನ್ನ ಕಣ್ಣ ಮುಂದೆ ಬಂತು. ಚಲೋ ಕಂಡಿತು. ಬಾಯಿಯಿಂದ ಮಾತ್ರ ಬೇರೆ ಪ್ರಶ್ನೆ ಬಂತು.

“ಮಗ್ಗಲಾ ಬದಲಸದ ಯಾಕ ಗುರುತು ಹಾಕಿದ್ರಿ?”

ಅವನಿಗೆ ಆಶ್ಚರ್ಯವಾಯಿತು. “ನೀವ ಹೇಳಿದ್ರಲ್ರಿ. ನಾ ಬರೂದ್ರೊಳಗ ಒಂದ ಖಾನೆ ಖಾಲಿ ಇರಬಾರದು ಅಂದ್ರಿ. ಹನ್ನೆರಡು ಮಂದಿ ರೋಗಿಗೆ ಇಬ್ಬರ ಆಯಾ ನಮ್ಮಲ್ಲಿ. ಎರಡ ತಾಸಿಗೊಮ್ಮೆ ಹೊರಳಿಸೂದು ಆಗ್ತಿದ್ದಿಲ್ಲ, ಖಾನೆ ತುಂಬೂದು ಆಗ್ತಿತ್ತು. ಮುಂಜಾನೆ ಒಮ್ಮೆ ಕುಂತು ಎಲ್ಲಾ ತುಂಬತಿದ್ರು. ನೀವು ಎಂದೂ ಬ್ಯಾರೆ ಏನೂ ಕೇಳಲಿಲ್ಲ.”

ಅವನು ನೆಪ ಹೇಳುತ್ತಿರಲಿಲ್ಲ. ಸಾಲಿ ಹುಡುಗ ಹೋಮ್‌ವರ್ಕ್ ತೋರಿಸುವ ಹಾಗೆ ಹೇಳಿದ. ನಾನು ಎದ್ದು ಬಾಗಿಲು ತೆರೆದೆ. “ನೀವು ಹೊರಡ್ರಿ,” ಎಂದೆ. ಅವನು ಹೋದ ಮೇಲೆ ಪೆನ್ನು ಹುಡುಕಿದೆ. ಅಫಿಡವಿಟ್ಟಿನ ಮೂರೂ ಪುಟಕ್ಕೆ ಸಹಿ ಹಾಕಿದೆ, ಈ ಸಲ ಓದಿ.

ಗದಗಿನ ಆಯೋಗದಲ್ಲಿ ಅವರ ವಕೀಲರು ನನ್ನನ್ನು ಪ್ರಶ್ನಿಸಿದರು.

“ಅಂದ್ರ ನೀವು ಸರ್ಕಾರಿ ಕಾಗದಕ್ಕ ಸುಳ್ಳು ಸಹಿ ಮಾಡಿದ್ರಿ?”

“ನೋಡದ ಮಾಡಿದೆ. ಹಾಳಿ ನೋಡಿದೆ, ಮನಷ್ಯಾರ್ನ ನೋಡ್ಲಿಲ್ಲ.”

“ಮೂರು ಸಲ ನೋಡದವರ ಮಾತು ಈಗ ಯಾಕ ನಂಬಬೇಕು?”

“ನನ್ನ ಮಾತು ನಂಬಬ್ಯಾಡ್ರಿ. ತೂಕದ ಯಂತ್ರ ನಂಬ್ರಿ, ಗಡಿಯಾರದ ಫೋಟೋ ನಂಬ್ರಿ, ಡಾಕ್ಟರ್ ಕಾಗದ ನಂಬ್ರಿ. ಮತ್ತ...” ಹಿಂತಿರುಗಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಅವಳು ಕೂತಿದ್ದಳು. “ಮತ್ತ ಜೈಬುನ್ ಸಿಸ್ಟರ್ ಮಾತು ನಂಬ್ರಿ. ನಮ್ಮ ವಾರ್ಡಿನ್ಯಾಗ ರೋಗಿನ್ನ ನೋಡಾಕ ಅಕೀಗಿಂತ ಚಲೋ ಬರೋರು ಯಾರೂ ಇಲ್ಲ.” ಮೂವತ್ತೈದು ವರ್ಷದಲ್ಲಿ ನಾನು ಮಾಡಿಸಿದ ಎಲ್ಲ ಹೆರಿಗೆಗಿಂತ ಈ ಮಾತು ಹೊರಬರುವುದು ಕಠಿಣವಾಯಿತು.

ಮರಳುವ ಬಸ್ಸಿನಲ್ಲಿ ಜೈಬುನ್ ಪಕ್ಕಕ್ಕೆ ಬಂದು ಕೂತಳು. “ಅಕ್ಕಾರ, ಪಂಚಮಿ ಇರ್ಲಿಲ್ಲಂದ್ರ ನಾನೂ ಸಹಿ ಹಾಕಿ ಬರ್ತಿದ್ನೋ ಏನೋ,” ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಇಂಥ ಮಾತು ಸರಿಯಾದ ಹೊತ್ತಿಗೆ ನನಗೆ ಎಂದಾದರೂ ಹೊಳೆದಿದೆಯೇ ಎಂದು ಯೋಚಿಸಿದೆ. ಅದಕ್ಕೂ ಹೊಟ್ಟೆ ಉರಿಯಿತು. “ಸುಮ್ಮನ ಕುಂಡ್ರು” ಎಂದೆ. ಅವಳು ನಕ್ಕಳು.

ನನ್ನ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಎಚ್ಚರಿಕೆಯ ಪತ್ರ ಕೊಟ್ಟರು. ಆ ಕಪ್ಪು ಚುಕ್ಕೆ ಇಟ್ಟುಕೊಂಡೇ ನಿವೃತ್ತಳಾದೆ. ನಾನೀಗ ಹುಡುಗಿಯರಿಗೆ ಹೇಳುವುದಿಷ್ಟು: ಆರೈಕೆ ಕೇಂದ್ರಕ್ಕೆ ಹೋದರೆ ಹಾಳೆ ಕೊನೆಗೆ ತೆರೆಯಿರಿ. ಮೊದಲು ಒಳ್ಳೆಯ ಕೈ ಹಿಡಿದು ನೋಡಿ, ತುಟಿ ನೋಡಿ, ಹಿಮ್ಮಡಿ ನೋಡಿ, ಹೊರಳಿಸಿ ಸೊಂಟ ನೋಡಿ. ಲೋಟ ಯಾವ ಕಡೆ ಇದೆ ನೋಡಿ. ಎಲ್ಲ ಖಾನೆ ತುಂಬಿದ್ದರೆ, ಎಷ್ಟು ಮಂದಿ ಆಯಾಗಳಿದ್ದಾರೆ ಎಂದು ಎಣಿಸಿ. ಇದರಲ್ಲಿ ಹೆಚ್ಚಿನದು ಜೈಬುನ್‌ಳಿಂದ ಕದ್ದದ್ದು. ಕೇಳಿ ಕಲಿಯಲು ಮನಸ್ಸು ಬರಲಿಲ್ಲ, ನೋಡಿ ಕಲಿತೆ.

ಆಯೋಗದ ಆದೇಶ ಕಸ್ತೂರಕ್ಕನ ಪರವಾಗಿ ಬಂತು. ಪರಿಹಾರದ ಹಣದಲ್ಲಿ ಸುಮಂಗಲಾ ನೆಲಮಹಡಿಯ ಬಾಡಿಗೆ ಮನೆ ಹಿಡಿದು, ಹಗಲಿಗೆ ಒಬ್ಬ ಆಯಾಳನ್ನಿಟ್ಟು ಅತ್ತೆಯನ್ನು ಕರೆದೊಯ್ದಳು. ಆದೇಶದ ಒಂದು ಪ್ರತಿಯನ್ನು ನನಗೆ ತಂದುಕೊಟ್ಟಳು. ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ಕೂತು ಎಣಿಸಿದೆ. ಜೈಬುನ್ ಹೆಸರು ಏಳು ಕಡೆ ಇದೆ. “ಸೂಕ್ಷ್ಮ ದೃಷ್ಟಿಯ” ಎಂದು ಒಂದು ಕಡೆ ಹೊಗಳಿಯೂ ಇದೆ. ನನ್ನ ಹೆಸರು ಎರಡೇ ಕಡೆ. ಒಂದು, ಸಹಿ ಮಾಡಿದವಳೆಂದು. ಇನ್ನೊಂದು, “ತನ್ನ ತಪ್ಪನ್ನು ತಾನೇ ಬಂದು ಹೇಳಿದ ಸಾಕ್ಷಿ” ಎಂದು.

ಆ ಸಾಲನ್ನು ಎರಡು ಸಲ ಓದಿದೆ. ಏಳರಲ್ಲಿ ಒಂದು ಕಡೆಯೂ ಜೈಬುನ್‌ಗೆ ಅಂಥ ಸಾಲು ಸಿಕ್ಕಿಲ್ಲ. ಅವಳಿಗಿಲ್ಲದೆ ನನಗೆ ಸಿಕ್ಕಿದ್ದು ಇದೊಂದೇ. ಅವಳಿಗೆ ಅದು ಎಂದಿಗೂ ಬೇಕಾಗದಿರಲಿ. ನಿಮಗೂ.